ಶನಿವಾರದ ಎಣ್ಣೆಸ್ನಾನ

“ಗುರುಗಳೇ, ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಸಾಫ್ಟ್‌ವೇರ್ ಬರೆಯುವುದನ್ನು ಕೆಲಸ ಮಾಡುತ್ತಲೇ ಕಲಿತೆ. ಸೋಮವಾರ ನನ್ನ ಪಕ್ಕದ ಕುರ್ಚಿಗೆ ಎಂಜಿನಿಯರಿಂಗ್ ಓದಿದವನೊಬ್ಬ ಬರುತ್ತಾನೆ. ನನ್ನ ಕಲಿಕೆ ಎಷ್ಟೆಂದು ಅವನಿಗೆ ತಿಳಿಯುವ ಮೊದಲೇ ಕೆಲಸ ಬಿಟ್ಟುಬಿಡಲೇ?” ಎಂದು ಮಂದಾಕಿನಿ ಕೇಳಿದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಆಂಬುಲೆನ್ಸ್ ಕಳಿಸುವ ಕಚೇರಿ ಇತ್ತು. ಯಾರಾದರೂ ಫೋನ್ ಮಾಡಿದರೆ ಅವರ ಮನೆಗೆ ಯಾವ ಗಾಡಿ ಹತ್ತಿರವಿದೆ ಎಂದು ಒಂದು ಸಾಫ್ಟ್‌ವೇರ್ ತೋರಿಸುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಅಲ್ಲಿಗೆ ಫೋನ್ ಎತ್ತಲು ಸೇರಿದ್ದ ಒಬ್ಬ ಹೆಂಗಸು. ಹಿಂದಿನವನು ಮಾಡುವುದನ್ನು ನೋಡಿ ಕಲಿತಿದ್ದಳು. ಪ್ರತಿ ಶನಿವಾರ ಅವಳು ಸಾಫ್ಟ್‌ವೇರನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದಳು. ಅದಕ್ಕೆ ಕಾಲು ಗಂಟೆ ಬೇಕಿತ್ತು. ಕಚೇರಿಯವರು ಅದನ್ನು ಎಣ್ಣೆಸ್ನಾನ ಎನ್ನುತ್ತಿದ್ದರು. ಏಕೆ ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಹಿಂದಿನವನು ಮಾಡುತ್ತಿದ್ದ, ಅಷ್ಟೇ.

ಅಲ್ಲಿಗೆ ಓದಿದವನೊಬ್ಬ ಬಂದ. ಸರಿಯಾಗಿ ಬರೆದ ಸಾಫ್ಟ್‌ವೇರಿಗೆ ಸ್ನಾನ ಬೇಡ ಎಂದು ಹೇಳಿ ಆ ಪದ್ಧತಿಯನ್ನು ನಿಲ್ಲಿಸಿದ. ಓದಿದವನ ಮುಂದೆ ತಾನೇನು ಹೇಳುವುದು ಎಂದು ಅವಳು ಒಪ್ಪಿಕೊಂಡಳು.

ಸ್ನಾನ ತಪ್ಪಿದ ಶನಿವಾರದ ನಂತರ, ಬುಧವಾರ ಮಧ್ಯಾಹ್ನ ಕಂಪ್ಯೂಟರಿನ ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಒಬ್ಬ ಕುಂಬಾರ ಫೋನ್ ಮಾಡಿದ. ಅವನ ಹೆಂಡತಿಗೆ ಹೆರಿಗೆ ನೋವು ಬಂದಿತ್ತು. ಮಗು ಅಡ್ಡ ತಿರುಗಿದೆ ಎಂದು ದಾದಿ ಹೇಳಿದ್ದಳು. ಸಾಫ್ಟ್‌ವೇರನ್ನು ಮತ್ತೆ ಶುರು ಮಾಡಲು ಕಾಲು ಗಂಟೆ ಕಾಯುವಂತಿರಲಿಲ್ಲ.

ಓದಿದವನು ಕೀಲಿಗಳನ್ನು ಒತ್ತುತ್ತಲೇ ಇದ್ದ, ಪರದೆ ಕದಲಲಿಲ್ಲ. ಹೆಂಗಸು ಚಾಲಕರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದಳು. ಅವರ ನಂಬರುಗಳು ಅವಳಿಗೆ ಬಾಯಿಪಾಠವಾಗಿದ್ದವು. ನಾಲ್ಕನೆಯವನು ಕುಂಬಾರನ ಬೀದಿಯ ಹಿಂದೆಯೇ ಊಟಕ್ಕೆ ಕೂತಿದ್ದ. ಎಲೆ ಬಿಟ್ಟು ಎದ್ದ. ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು, ತಾಯಿ ಮಗು ಇಬ್ಬರೂ ಕ್ಷೇಮ. ಕಚೇರಿಯವರಿಗೆಲ್ಲ ಹೋದ ಜೀವ ಬಂದಂತಾಯಿತು.

“ಏನಪ್ಪಾ, ನಿನ್ನ ಪುಸ್ತಕದಲ್ಲಿ ಸ್ನಾನದ ಪಾಠ ಇರಲಿಲ್ಲವೇ?” ಎಂದು ಹೆಂಗಸು ನಕ್ಕಳು.

ಅವನು ತಲೆ ತಗ್ಗಿಸಿದ. “ಅಕ್ಕ, ಈ ಸಾಫ್ಟ್‌ವೇರ್ ಹಳೆಯದನ್ನೆಲ್ಲ ಎಲ್ಲೋ ತುಂಬಿಕೊಳ್ಳುತ್ತಿದೆ, ಖಾಲಿ ಮಾಡುತ್ತಿಲ್ಲ. ನಿಮ್ಮ ಸ್ನಾನದಿಂದ ಅದು ಖಾಲಿಯಾಗುತ್ತಿತ್ತು. ಅಷ್ಟನ್ನು ಓದಿದ್ದೇನೆ. ಎಲ್ಲಿ ಎಂದು ತಿಳಿಯದು. ನಿಮ್ಮನ್ನು ಕೇಳಿದರೆ ನನ್ನ ಬಣ್ಣ ಬಯಲಾಗುತ್ತದೆ ಎಂದು ಬಂದ ದಿನದಿಂದ ಹೆದರಿದ್ದೇನೆ.”

ಅವಳ ನಗು ನಿಂತಿತು. ಕೆಲಸ ಮುಗಿದ ಕರೆಗಳೂ ಒಂದು ಪಟ್ಟಿಯಲ್ಲಿ ಹಾಗೇ ಉಳಿಯುವುದನ್ನು ಅವಳು ವರ್ಷಗಳಿಂದ ನೋಡಿದ್ದಳು. ಅದು ಹಾಗೇ ಇರಬೇಕೇನೋ ಎಂದುಕೊಂಡಿದ್ದಳು. ಆ ಜಾಗವನ್ನು ಅವನಿಗೆ ತೋರಿಸಿದಳು. ಮುಗಿದ ಕರೆಗಳನ್ನು ಅಳಿಸುವ ನಾಲ್ಕು ಸಾಲನ್ನು ಅವನು ಅಲ್ಲಿ ಬರೆದ. ಒಂದೊಂದು ಸಾಲಿನ ಅರ್ಥವನ್ನೂ ಅವಳು ಕೇಳಿ ತಿಳಿದುಕೊಂಡಳು. ಆ ಶನಿವಾರ ಯಾರೂ ಏನನ್ನೂ ನಿಲ್ಲಿಸಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಪರದೆ ಮತ್ತೆ ಕಲ್ಲಾಗಲಿಲ್ಲ.

ಕತೆ ಮುಗಿಯಿತು. ಮಂದಾಕಿನಿಯ ಮುಖ ತಿಳಿಯಾಗಿತ್ತು. ಆದರೂ ಒಂದು ಅಳುಕು ಉಳಿದಿತ್ತು. ತನ್ನಲ್ಲಿಗೆ ಬರುವವನು ನಿಜವಾಗಿಯೂ ಎಲ್ಲ ಬಲ್ಲವನಾಗಿದ್ದರೆ ಏನು ಮಾಡಲಿ ಎಂದು ಕೇಳಿದಳು.

ಗುರುಗಳು ಹೇಳಿದರು: “ಈ ಹೊತ್ತಿಗೆ ಅವನೂ ಯಾರದೋ ಮುಂದೆ ಕೂತು ನಿನ್ನ ಬಗ್ಗೆ ಇದನ್ನೇ ಕೇಳುತ್ತಿರುತ್ತಾನೆ.”