ಸೂಲಗಿತ್ತಿ ದಿಡ್ಡಿ

ಕರೆಗಲ್ಲು ದುರ್ಗದ ಪಡುವಣ ಮಗ್ಗುಲಲ್ಲಿ, ಹುಣಸೆಮರದ ಹಿಂದೆ, ತಲೆ ತಗ್ಗಿಸಿ ನುಸುಳಬೇಕಾದ ಒಂದು ಕಿರುಬಾಗಿಲಿದೆ. ಅದೇ ಸೂಲಗಿತ್ತಿ ದಿಡ್ಡಿ. ಕೋಟೆಯ ಉಳಿದ ಬಾಗಿಲುಗಳಲ್ಲಿ ಕದದ ಚೂರಾದರೂ ಉಳಿದಿದೆ. ಇಲ್ಲಿ ಮಾತ್ರ ಕದ ಕೂರುವ ಗುಳಿಗಳು ಬರಿದಾಗಿವೆ. ವೈರಿಗಳು ಸುಟ್ಟರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿತ್ತವನು ಅದನ್ನು ಕಾಯುತ್ತಿದ್ದವನೇ.

ಹಿಂದೆ ಒಮ್ಮೆ ನಾಯಕನ ಪಟ್ಟಕ್ಕಾಗಿ ಅಣ್ಣತಮ್ಮಂದಿರು ಬಡಿದಾಡಿಕೊಂಡರಂತೆ. ಅಣ್ಣ ಕೋಟೆಯೊಳಗೆ, ತಮ್ಮ ಕೆಳಗಿನ ಬಯಲಿನಲ್ಲಿ. ಉಪ್ಪಿಗೂ ತಡೆ ಬಿದ್ದ ಆ ಕಾಲದಲ್ಲಿ ಸೂಲಗಿತ್ತಿಯನ್ನು ಮಾತ್ರ ಎರಡು ಕಡೆಯವರೂ ತಡೆಯುತ್ತಿರಲಿಲ್ಲ. ಅವಳ ಬುಟ್ಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಯಲಿನ ಸೂಲಗಿತ್ತಿ ಕೆಂಚವ್ವ ಹೀಗೆ ದಿಡ್ಡಿಯಿಂದ ಹತ್ತಿ ಇಳಿಯುತ್ತಿದ್ದಳು. ಕಾವಲಿನ ಜಂಪಣ್ಣ ಅವಳ ಕೈಯಲ್ಲೇ ಹುಟ್ಟಿದವನು. ಈಗ ಅವನ ಹೆಂಡತಿ ಬೋರಮ್ಮ ತುಂಬುಬಸುರಿ. ಚೊಚ್ಚಲು, ಕೂಸು ಕಾಲು ಮುಂದಾಗಿತ್ತು. "ಹೆದರಬೇಡವೋ, ನಾನಿಲ್ವಾ?" ಎಂದು ಮುದುಕಿ ಬಂದಾಗಲೆಲ್ಲ ಹೇಳುತ್ತಿದ್ದಳು.

ಒಂದು ಬೆಳಗ್ಗೆ ಇಳಿಯುವಾಗ, ಸೀರೆ ಎತ್ತಿ ಕಟ್ಟಲೆಂದು ಹರಳೆಣ್ಣೆಯ ಸೋರೆಬುರುಡೆಯನ್ನು ತಾನೇ ಅವನ ಕೈಗಿತ್ತಳು. ಎಣ್ಣೆ ಕುಲುಕಲಿಲ್ಲ; ಒಳಗೇನೋ ಗರಗರ ಎಂದಿತು. ಜಂಪಣ್ಣ ಬಿರಡೆ ಕಿತ್ತ. "ಥೂ ನಿನ್ನ! ಹೊಕ್ಕುಳು ಕೊಯ್ದವಳ ಬುರುಡೆಗೇ ಕೈ ಹಾಕ್ತೀಯೇನೋ?" ಎಂದಳು ಕೆಂಚವ್ವ. ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಕಟ್ಟಿದ್ದು, ಬೇಹಿನವರನ್ನು ಹಿಡಿದುಕೊಟ್ಟವರಿಗೆ ನಾಯಕ ತೊಡಿಸುವ ಬೆಳ್ಳಿಯ ಕಡಗವೊಂದೇ. ಒಳಗಿನಿಂದ ಸುರುಳಿ ಸುತ್ತಿದ ತಾಳೆಗರಿಯ ಓಲೆಗಳು ಉದುರಿದವು.

ನಾಯಕನ ಚಾವಡಿಯಲ್ಲಿ ಕರಣಿಕ ಓಲೆಗಳನ್ನು ಓದಿದ. ಗೋಡೆ ಎಲ್ಲಿ ಬಿರುಕು ಬಿಟ್ಟಿದೆ, ಕಣಜದಲ್ಲಿ ಜೋಳ ಎಷ್ಟಿದೆ, ಎಲ್ಲವೂ ಅವುಗಳಲ್ಲಿತ್ತು. ಬಯಲಿನಲ್ಲಿದ್ದ ತಮ್ಮ ಅವಳ ಎದೆಹಾಲು ಕುಡಿದು ಬೆಳೆದವನು. ಕೆಂಚವ್ವ ಅವನ ಬೇಹಿನವಳೇ ಹೌದು, ಅದರಲ್ಲಿ ಎರಡು ಮಾತಿಲ್ಲ. ಕೊನೆಯ ಓಲೆ ಹೀಗಿತ್ತು: "ಮಗನೇ, ಈಗಲೇ ಏರಿ ಬರಬೇಡ. ದಿಡ್ಡಿಯ ಜಂಪನ ಹೆಂಡತಿಗೆ ದಿನ ತುಂಬಿವೆ, ಕೂಸಿನ ಕಾಲು ಮುಂದಿದೆ. ಅವಳ ಹೆರಿಗೆ ಮಾಡಿಸಿ ಹೇಳಿ ಕಳಿಸುತ್ತೇನೆ, ಆಮೇಲೆ ಬಾ." ಜಂಪಣ್ಣ ಕಾಲಿಗೆ ಬಿದ್ದು ಬೇಡಿದ್ದರೆ ನಾಯಕ ಹೆರಿಗೆಯವರೆಗಾದರೂ ತಡೆಯುತ್ತಿದ್ದನೇನೋ. ಕಡಗ ಆಗಲೇ ಕೈಯಲ್ಲಿತ್ತು, ಅವನು ಬೇಡಲಿಲ್ಲ. ಹೊತ್ತು ಮುಳುಗುವುದರೊಳಗೆ ಮುದುಕಿಯನ್ನು ಬಂಡೆಯ ಮೇಲಿಂದ ತಳ್ಳಿದರು ಎನ್ನುತ್ತಾರೆ.

ಬೋರಮ್ಮನಿಗೆ ನೋವು ಹತ್ತಿದಾಗ ಜಂಪಣ್ಣ ವೈರಿಗಳ ಕಣ್ಣು ತಪ್ಪಿಸಿ ಕೆಳಗಿನ ಹಳ್ಳಿಗಳ ಸೂಲಗಿತ್ತಿಯರ ಬಾಗಿಲು ತಟ್ಟಿದ. "ನಿಮ್ಮ ದಿಡ್ಡಿಯಲ್ಲಿ ನಮ್ಮ ಬುಟ್ಟಿ ಬಿಚ್ಚುತ್ತಾರಂತಲ್ಲಪ್ಪಾ, ನಾವು ಬರಲ್ಲ" ಎಂದರು. ಒಬ್ಬಳೂ ಬರಲಿಲ್ಲ. ಕೂಸು ಹೇಗೋ ಉಳಿಯಿತು, ತಾಯಿ ಉಳಿಯಲಿಲ್ಲ. ಅವನು ದಿಡ್ಡಿಯ ಕದ ಕಿತ್ತು, ಅದರ ಮೇಲೆಯೇ ಹೆಂಡತಿಯನ್ನು ಮಣ್ಣಿಗೆ ಒಯ್ದ. ಕದವಿಲ್ಲದ ಆ ಬಾಗಿಲಿನಿಂದಲೇ ತಮ್ಮ ಒಳನುಗ್ಗಿ ಕೋಟೆ ಗೆದ್ದ. ಗೆದ್ದವನೂ ಅಲ್ಲಿ ಮತ್ತೆ ಕದ ಇಡಿಸಲಿಲ್ಲ.

ಇಂದಿಗೂ ಬಸುರಿಯರು ಆ ಗುಳಿಗಳಿಗೆ ಹರಳೆಣ್ಣೆ ಸವರುತ್ತಾರೆ. ಜಂಪಣ್ಣನ ವಂಶದವರು ಮಾತ್ರ ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಮೊನ್ನೆ ಅವರ ಪೈಕಿಯ ಮುದುಕರೊಬ್ಬರು ಬಂದಿದ್ದರು. ಯಾರೂ ಕೇಳಿರಲಿಲ್ಲ. ಕೈಚೀಲ ಬಿಚ್ಚಿ ಟವೆಲು, ಮಾತ್ರೆಚೀಟಿ, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ಹೊಸ್ತಿಲ ಮೇಲೆ ಹರವಿ, "ನೋಡ್ಕೊಳವ್ವಾ, ಇಷ್ಟೇ ಇರೋದು" ಎಂದು ಆ ಖಾಲಿ ಬಾಗಿಲಿಗೆ ಹೇಳಿ, ತಲೆ ತಗ್ಗಿಸಿ ಒಳಗೆ ಹೋದರು.