ಮುಳ್ಳುಮರಕ್ಕೆ ಕಟ್ಟಿದ ಬಟ್ಟೆ

"ಗುರುಗಳೇ, ಮರಕ್ಕೆ ಬಟ್ಟೆ ಕಟ್ಟಿದರೂ ನನ್ನ ದುಃಖ ಯಾಕೆ ಕರಗುತ್ತಿಲ್ಲ?" ಎಂದು ಓರ್ಲಾ ಕೇಳಿದಳು.

ಕಾನಲ್ ಗುರುಗಳು ಓಕ್ ಮರಗಳ ಕೆಳಗೆ ಬಿದ್ದ ಎಲೆಗಳನ್ನು ಗುಡಿಸುತ್ತಿದ್ದರು. ಪ್ರಶ್ನೆ ಕೇಳಿಸಿತು, ಪೊರಕೆ ನಿಲ್ಲಲಿಲ್ಲ.

ಐರ್ಲೆಂಡಿನ ಪಡುವಣ ಕರಾವಳಿಯಲ್ಲಿ ಅದೊಂದು ಸಣ್ಣ ತೋಪು. ಮರದಲ್ಲಿ, ನೀರಿನಲ್ಲಿ, ಕಲ್ಲಿನಲ್ಲಿ ದೈವವನ್ನು ಕಾಣುವ ಹಳೆಯ ಡ್ರೂಯಿಡರ ದಾರಿಯನ್ನು ಈ ಕಾಲದಲ್ಲೂ ಹಿಡಿದ ಕೆಲವರು ಅಲ್ಲಿ ಸೇರುತ್ತಿದ್ದರು. ವಾರವೆಲ್ಲ ಆಫೀಸಿನಲ್ಲೋ ಅಂಗಡಿಯಲ್ಲೋ ದುಡಿದು ಭಾನುವಾರ ಬಂದು ಮರದ ಕೆಳಗೆ ಕೂರುವ ಜನ. ಅವರಿಗೆಲ್ಲ ಕಾನಲ್ ಗುರು. ಬಿಳಿಯ ನಿಲುವಂಗಿ ಹಬ್ಬದ ದಿನಕ್ಕೆ ಮಾತ್ರ, ಉಳಿದ ದಿನವೆಲ್ಲ ಅದೇ ಹಳೆಯ ಸ್ವೆಟರು. ದೊಡ್ಡ ದೊಡ್ಡ ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮರ ಎಂದಾದರೂ ಉಪನ್ಯಾಸ ಕೊಟ್ಟಿದ್ದನ್ನು ಕೇಳಿದ್ದೀರಾ?" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದರು.

ತೋಪಿನ ಅಂಚಿನಲ್ಲಿ ಒಂದು ಒರತೆ. ಅದರ ಪಕ್ಕದಲ್ಲಿ ಹಾಥಾರ್ನ್ ಎಂಬ ಬಿಳಿ ಹೂವಿನ ಮುಳ್ಳುಮರ. ದುಃಖ ಹೊತ್ತು ಬಂದವರು ಒಂದು ಬಟ್ಟೆಯ ಚೂರನ್ನು ಒರತೆಯ ನೀರಿನಲ್ಲಿ ಅದ್ದಿ ಆ ಮರಕ್ಕೆ ಕಟ್ಟುತ್ತಾರೆ. ಬಿಸಿಲಿಗೆ, ಮಳೆಗೆ ಬಟ್ಟೆ ಸವೆದು ಉದುರುತ್ತ ಹೋದಂತೆ ದುಃಖವೂ ಸವೆಯುತ್ತದೆ ಎನ್ನುವುದು ನಂಬಿಕೆ. ಕಟ್ಟಿದ್ದನ್ನು ಮಾತ್ರ ಯಾರೂ ಬಿಚ್ಚಬಾರದು. ಬಿಚ್ಚಿದವರಿಗೆ ಆ ದುಃಖ ಅಂಟಿಕೊಳ್ಳುತ್ತದೆಯಂತೆ.

ಓರ್ಲಾಳ ತಾಯಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ತಾಯಿಯ ತಲೆವಸ್ತ್ರದ ಒಂದು ತುಂಡನ್ನು ಓರ್ಲಾ ಮರಕ್ಕೆ ಕಟ್ಟಿದ್ದಳು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು ತೋಪಿನ ಗುಡಿಸಿಲಿನಲ್ಲೇ ಉಳಿದುಬಿಟ್ಟಳು. ವಸಂತ ಹೋಯಿತು, ಬೇಸಿಗೆ ಹೋಯಿತು. ಈಗ ಸತ್ತವರಿಗೆ ಎಡೆ ಇಡುವ ಹಬ್ಬವೂ ಕಳೆದಿತ್ತು.

"ಈ ಚಳಿಗಾಲವೂ ಮರದ ಬಳಿಯೇ ಇರಲು ಅಪ್ಪಣೆ ಕೊಡಿ," ಎಂದಳು ಓರ್ಲಾ. "ಊನಾ ಕರೆದುಕೊಂಡು ಹೋಗಲು ಬಂದಿದ್ದಾಳೆ. ಗೇಟಿನ ಹತ್ತಿರ ನಿಂತಿದ್ದಾಳೆ. ನನಗೆ ಹೋಗುವ ಮನಸ್ಸಿಲ್ಲ."

ಊನಾ ಅವಳ ತಂಗಿ. ಅಮ್ಮ ನಡೆಸುತ್ತಿದ್ದ ಬೇಕರಿಯನ್ನು ಈಗ ನಡೆಸುವವಳು ಅವಳೇ.

"ತಂಗಿಯ ಮೇಲೆ ಸಿಟ್ಟೇ?" ಎಂದರು ಗುರುಗಳು.

ಓರ್ಲಾ ಹೇಳಿದಳು: "ಅಮ್ಮನನ್ನು ಮಣ್ಣು ಮಾಡಿ ಬಂದ ಮರುದಿನವೇ ಹಿಟ್ಟು ನಾದಲು ನಿಂತಳು. ಅವಳ ಕಣ್ಣಲ್ಲಿ ಒಂದು ಹನಿ ನೀರು ಕಾಣಲಿಲ್ಲ. ಅಂಥವಳ ಜೊತೆ ಒಂದೇ ಸೂರಿನಡಿ ಹೇಗಿರಲಿ?"

ಗುರುಗಳು ಪೊರಕೆಯನ್ನು ಮರಕ್ಕೆ ಒರಗಿಸಿದರು. "ಕೂತುಕೋ, ಒಂದು ಕತೆ ಇದೆ," ಎಂದರು. ಓರ್ಲಾ ಬೇರಿನ ಮೇಲೆ ಕೂತಳು. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರಳಿದ್ದಳು. ಅವಳ ಗಂಡ ರೈತ. ಕೆಲವು ಹಸು, ಒಂದು ತುಂಡು ಆಲೂಗಡ್ಡೆ ಹೊಲ, ಹೊಟ್ಟೆ ಬಟ್ಟೆಗೆ ಕೊರತೆಯಿರಲಿಲ್ಲ. ಅವರಿಗೆ ಒಬ್ಬನೇ ಮಗ. ಕಡಲಿಗೆ ಹೋಗುತ್ತೇನೆಂದ. ಬೇಡವೆಂದರು. ಬೇಡವೆಂದರೆ ಕೇಳುವ ವಯಸ್ಸೇ ಅದು? ಹೋದ. ಒಂದು ದಿನ ದೋಣಿ ಮರಳಲಿಲ್ಲ. ಮಣ್ಣು ಮಾಡಲು ದೇಹವೂ ಸಿಗಲಿಲ್ಲ.

ಮನೆಯಲ್ಲಿ ಉಳಿದದ್ದು ಅವನದೊಂದು ಉಣ್ಣೆಯ ಅಂಗಿ. ನೂಲು ತೆಗೆದವಳು ತಾಯಿ, ನೇಯ್ದವಳು ತಾಯಿ, ಹೊಲಿದವಳೂ ತಾಯಿ. ಅದರ ಬೆನ್ನಿನಿಂದ ಅಂಗೈ ಅಗಲದ ಪಟ್ಟಿಯೊಂದನ್ನು ಕತ್ತರಿಸಿಕೊಂಡಳು. ಉಳಿದ ಅಂಗಿಯನ್ನು ಕಡಲಿಗೆ ಬಿಟ್ಟಳು. ನೀರಿನಲ್ಲಿ ಮಗನಿಗೆ ಚಳಿಯಾದೀತು ಎನ್ನುವುದು ಅವಳ ಸಂಕಟ. ಸತ್ತವರಿಗೆ ಚಳಿಯೇ ಎಂದು ತಾಯಿಯನ್ನು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಆಮೇಲೆ ಪಟ್ಟಿಯನ್ನು ಒರತೆಯ ನೀರಿನಲ್ಲಿ ಅದ್ದಿ ಮುಳ್ಳುಮರಕ್ಕೆ ಕಟ್ಟಿದಳು.

ದಿನವೂ ಬೆಳಿಗ್ಗೆ ಮರದ ಬಳಿ ಬಂದು ಬಟ್ಟೆಯನ್ನು ಸವರಿ, ಕೈಮುಗಿದು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನೋಡುತ್ತಾಳೆ, ಅಂಚಿನಲ್ಲಿ ಒಂದು ಎಳೆ ಬಿಚ್ಚಿಕೊಂಡಿದೆ. ನೇಕಾರಳ ಕೈ ಸುಮ್ಮನಿರುವ ಕೈಯಲ್ಲ. ಕೊರಳಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದಳು, ಬಿಚ್ಚಿದ ಎಳೆಯನ್ನು ಒಳಗೆ ಸೇರಿಸಿ ಹೆಣೆದಳು. ಅದಾದ ಮೇಲೆ ಮನೆಯಿಂದಲೇ ಉಣ್ಣೆ ತರತೊಡಗಿದಳು. ಗಾಳಿ ಒಂದು ಎಳೆ ಕಿತ್ತರೆ ಅವಳು ಒಂದು ಎಳೆ ಕೂಡಿಸುವಳು. ಮಳೆ ಒಂದು ಕಡೆ ತೂತು ಮಾಡಿದರೆ ಅವಳು ಆ ತೂತನ್ನು ತುಂಬುವಳು. ಆ ಪಟ್ಟಿಯಲ್ಲಿ ಮಗನ ಅಂಗಿಯ ಎಳೆ ಎಷ್ಟು, ಆಮೇಲೆ ಸೇರಿಸಿದ ಎಳೆ ಎಷ್ಟು ಎಂದು ಅವಳಿಗೂ ತಿಳಿಯದಂತಾಯಿತು.

ಅವಳ ನಂತರ ಬಂದು ಕಟ್ಟಿದವರ ಬಟ್ಟೆಗಳು ಸವೆದು ಬಿದ್ದವು. ಅವರು ಕಣ್ಣೊರೆಸಿಕೊಂಡು ಮದುವೆ ಹಬ್ಬ ಎಂದು ಓಡಾಡತೊಡಗಿದರು. ಅವಳ ಬಟ್ಟೆ ಕಟ್ಟಿದ ದಿನ ಹೇಗಿತ್ತೋ ಹಾಗೇ ಇತ್ತು. ಅವಳ ಎದೆಯ ಮೇಲಿನ ಕಲ್ಲೂ ಹಾಗೇ ಇತ್ತು.

ಮನೆಯಲ್ಲಿ ಮಗ್ಗಕ್ಕೆ ಜೇಡ ಬಲೆ ಕಟ್ಟಿತು. ಒಲೆ ಉರಿಯಬೇಕಾದರೆ ಗಂಡನೇ ಹಚ್ಚಬೇಕು. ಅವನು ಆಲೂಗಡ್ಡೆ ಬೇಯಿಸಿ, ಅವಳ ಪಾಲನ್ನು ಮುಚ್ಚಿಟ್ಟು ಹೊಲಕ್ಕೆ ಹೋಗುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಅವಳೂ ಆಡಿಸುತ್ತಿರಲಿಲ್ಲ. ದೋಣಿ ಇನ್ನು ಬರುವುದಿಲ್ಲವೆಂದು ಖಚಿತವಾದ ಮರುದಿನ ಅವನು ಎಂದಿನಂತೆ ಎದ್ದು ಹಾಲು ಕರೆಯಲು ಹೋಗಿದ್ದ. ಅದು ಅವಳಿಗೆ ಮುಳ್ಳಾಗಿ ಚುಚ್ಚಿಕೊಂಡಿತ್ತು. ಮಗ ಹೋದದ್ದು ಹಸುವಿಗೇನು ಗೊತ್ತು? ಕೆಚ್ಚಲು ತುಂಬಿದರೆ ಅದು ಕೂಗುತ್ತದೆ, ಯಾರಾದರೂ ಹೋಗಲೇಬೇಕು. ಆದರೆ ನೊಂದ ಮನಸ್ಸಿಗೆ ನ್ಯಾಯ ಹೇಳುವವರು ಯಾರು? ಕಲ್ಲೆದೆಯವನು ಎಂದು ಅವಳು ಒಳಗೊಳಗೇ ಗಂಟು ಹಾಕಿಕೊಂಡಳು. ಆ ಮನೆಯಲ್ಲಿ ಮಗನ ಹೆಸರನ್ನು ಯಾರೂ ಎತ್ತಲಿಲ್ಲ.

ಒಂದು ದಿನ ಅವಳು ಒರತೆಯನ್ನು ನೋಡಿಕೊಳ್ಳುವ ಮುದುಕಿಯ ಮೇಲೆ ಹರಿಹಾಯ್ದಳು.

"ನಿಮ್ಮ ಮರದ ಮಹಿಮೆ ಎಲ್ಲಾ ಸುಳ್ಳು. ಊರೋರ ದುಃಖ ಎಲ್ಲಾ ತಗೊಂಡಿತು, ನನ್ನದು ಮಾತ್ರ ಅದಕ್ಕೆ ಬೇಡವಾಯ್ತಾ?"

"ಮರ ಅದರ ಕೆಲಸ ಅದು ಮಾಡ್ತಾನೇ ಇದೆ ಕಣಮ್ಮ," ಎಂದಳು ಮುದುಕಿ. "ನೀನು ದಿನಾ ಬಂದು ಅದನ್ನ ಕೆಡಿಸ್ತೀಯ."

"ಹರಿದಿದ್ದನ್ನ ನೋಡ್ಕೊಂಡು ಸುಮ್ಮನಿರೋದು ನನ್ನ ಕೈಲಾಗಲ್ಲ," ಎಂದು ಸಿಡುಕಿ ಹೋದಳು ನೇಕಾರಳು.

ಹೀಗೇ ವರ್ಷಗಳು ಉರುಳಿದವು. ಒಂದು ಮಧ್ಯಾಹ್ನ ಕಡಲ ಕಡೆಯಿಂದ ಬಿರುಗಾಳಿ ಎದ್ದಿತು. ಮನೆಯ ಕದ ದಡಬಡಿಸಿತು. ಅವಳಿಗೆ ತಟ್ಟನೆ ಬಟ್ಟೆಯ ನೆನಪಾಯಿತು. ಇದ್ದ ಉಡುಪಿನಲ್ಲೇ ಓಡಿದಳು.

ಮರದ ಬಳಿ ಯಾರೋ ನಿಂತಿದ್ದರು. ಹತ್ತಿರ ಹೋಗಿ ನೋಡಿದರೆ ಗಂಡ. ಗಾಳಿಗೆ ಬೆನ್ನು ಕೊಟ್ಟು, ಎರಡೂ ಅಂಗೈಗಳನ್ನು ಆ ಬಟ್ಟೆಯ ಸುತ್ತ ಬೊಗಸೆಯಾಗಿ ಹಿಡಿದಿದ್ದ. ದೀಪ ಆರದಂತೆ ಹಿಡಿಯುತ್ತಾರಲ್ಲ, ಹಾಗೆ.

"ನೀವ್ಯಾಕೆ ಬಂದ್ರಿ ಇಲ್ಲಿಗೆ?"

"ಗಾಳಿ ಬಂದಾಗೆಲ್ಲ ಬರ್ತೀನಿ. ಕಿತ್ಕೊಂಡು ಹೋದ್ರೆ ನೀನು ತಡ್ಕೊಳ್ಳಲ್ಲ."

ಇಷ್ಟು ವರ್ಷದ ಬಿರುಗಾಳಿಗಳಲ್ಲಿ ಬಟ್ಟೆಯನ್ನು ಉಳಿಸಿದ್ದು ಮರ ಎಂದುಕೊಂಡಿದ್ದಳು ಅವಳು. ಬಾಯಿಗೆ ಬಂದದ್ದನ್ನು ಹೇಳಿದಳು: "ಮುಟ್ಟಬೇಡಿ. ಅಕಸ್ಮಾತ್ ಬಿಚ್ಚಿಕೊಂಡ್ರೆ ದುಃಖ ನಿಮಗೆ ಅಂಟ್ಕೊಳ್ಳುತ್ತೆ."

"ಇನ್ನೂ ಅಂಟೋಕೆ ಏನು ಬಾಕಿ ಇದೆ, ಹೇಳು," ಎಂದ ಗಂಡ.

ಅವಳು ಅವನ ಮುಖ ನೋಡಿದಳು. ಎಷ್ಟೋ ಕಾಲದ ಮೇಲೆ ನೋಡಿದ್ದು. ಅವನಿಗೆ ಮುಪ್ಪಾಗಿತ್ತು. ಮುಖದಿಂದ ಕಣ್ಣು ಅವನ ತೋಳಿಗೆ ಇಳಿಯಿತು. ಕೋಟಿನ ಮೊಣಕೈ ಪೂರ್ತಿ ಹರಿದಿತ್ತು. ಒಳಗಿನ ಚರ್ಮ ಚಳಿಗೆ ಕಂದಿ ಒಡೆದಿತ್ತು. ಆ ಹರಕು ನಿನ್ನೆ ಮೊನ್ನೆಯದಲ್ಲ ಎಂದು ನೇಕಾರಳಿಗೆ ಒಂದೇ ನೋಟಕ್ಕೆ ತಿಳಿಯಿತು. ಆಗಲೇ ನಾಲ್ಕು ಹೊಲಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಅವನು ಕೇಳಿರಲಿಲ್ಲ, ಅವಳು ನೋಡಿರಲಿಲ್ಲ. ಅಯ್ಯೋ, ನನ್ನ ಕಣ್ಣು ಎಲ್ಲಿ ಹೋಗಿತ್ತು ಎಂದುಕೊಂಡಳು.

ಅವಳು ಮರದ ಕೊಂಬೆಗೆ ಕೈಹಾಕಿದಳು. ಗಂಟು ವರ್ಷಗಳಿಂದ ನೆನೆದು ಬಿಗಿದುಕೊಂಡಿತ್ತು. ಬೆರಳಿಗೆ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು.

"ಬೇಡ ಕಣೇ, ಬಿಚ್ಚಬಾರದು," ಎಂದ ಗಂಡ.

"ಕೈ ಕೊಡಿ," ಎಂದಳು ಅವಳು.

ಆ ಗಾಳಿಯಲ್ಲೇ, ಅವನ ತೋಳನ್ನು ಮರದ ಬೊಡ್ಡೆಗೆ ಒತ್ತಿ ಹಿಡಿದು, ಕೊರಳಪಟ್ಟಿಯ ಸೂಜಿಯಿಂದ ಮಗನ ಬಟ್ಟೆಯನ್ನು ತಂದೆಯ ಮೊಣಕೈಗೆ ತೇಪೆಯಾಗಿ ಹಾಕಿದಳು. ಹೊಲಿಗೆ ಮುಗಿದ ಮೇಲೆ ಅವನು ಆ ತೇಪೆಯ ಮೇಲೆ ಕೈಯಿಟ್ಟುಕೊಂಡು ಅತ್ತ. ಅವಳು ಅವನ ಬೆನ್ನು ಸವರುತ್ತ ನಿಂತಳು.

ಊರ ಬಾಯಿಗೆ ಬೀಗವುಂಟೇ? ದೇವರ ಮರದಿಂದ ದುಃಖವನ್ನು ಬಿಚ್ಚಿ ಮನೆಗೆ ತಂದಳು, ಇನ್ನು ಆ ಮನೆ ಉದ್ಧಾರವಾದ ಹಾಗೆ ಎಂದರು. ದುಃಖ ಮನೆಗೆ ಬಂದದ್ದು ನಿಜ. ಅದು ಅವನ ಮೊಣಕೈ ಮೇಲೆ ಕೂತು ಊಟದ ಮೇಜಿಗೂ ಬಂತು. ಅದನ್ನು ನೋಡಿ ಅವಳು ಮಗನ ಹೆಸರೆತ್ತಿದಳು. ಮಗ ಹಾಲು ಕರೆಯುವಾಗ ಅಪಸ್ವರದಲ್ಲಿ ಹಾಡುತ್ತಿದ್ದುದನ್ನು, ಕೆಂಪು ಹಸು ಸಿಟ್ಟಿಗೆದ್ದು ಬಕೆಟ್ಟು ಒದೆಯುತ್ತಿದ್ದುದನ್ನು ಗಂಡ ಹೇಳಿದ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಇಬ್ಬರೂ ನಕ್ಕರು. ನಗುನಗುತ್ತಲೇ ಊಟ ಬಿಟ್ಟು ಕಣ್ಣೊರೆಸಿಕೊಂಡರು. ಮರುದಿನ ಮಗನದು ಇನ್ನೊಂದು ಮಾತು ಬಂತು. ಅವಳಿಗೆ ತಿಳಿದದ್ದು ಅವನಿಗೆ, ಅವನಿಗೆ ತಿಳಿದದ್ದು ಅವಳಿಗೆ. ಮಗ ಅವರಿಗೆ ಮೊದಲಿಗಿಂತ ಹೆಚ್ಚೇ ಸಿಕ್ಕ ಎನ್ನಬೇಕು.

ಆ ಕೋಟನ್ನು ರೈತ ಬಹಳ ಕಾಲ ತೊಟ್ಟ. ಹುಲ್ಲು ಕೊಯ್ಯುವಾಗ, ಬೇಲಿ ಕಟ್ಟುವಾಗ, ಹಸುವಿನ ಮೈಗೆ ಒರಗಿ ಹಾಲು ಕರೆಯುವಾಗ ತೇಪೆ ಸವೆಯುತ್ತ ಹೋಯಿತು. ಅದು ಯಾವಾಗ ಪೂರ್ತಿ ಸವೆದುಹೋಯಿತೆಂದು ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ.

ಕತೆ ಮುಗಿಸಿ ಗುರುಗಳು ಪೊರಕೆ ಕೈಗೆತ್ತಿಕೊಂಡರು.

ಓರ್ಲಾ ಮುಳ್ಳುಮರದ ಕಡೆ ನೋಡಿದಳು. ಅವಳಿಗೆ ಆ ನೇಕಾರಳ ಮೇಲೆ ಮರುಕ ಹುಟ್ಟಿತ್ತು. ಆದರೆ ಕತೆಯಿಂದ ತನಗೆ ಉತ್ತರ ಸಿಕ್ಕಿತೆಂದು ಅನ್ನಿಸಲಿಲ್ಲ. ನಾನು ಕಟ್ಟಿದ ಬಟ್ಟೆಗೆ ಸೂಜಿ ಹಾಕಿಲ್ಲವಲ್ಲ ಎಂದುಕೊಂಡಳು. ಅವಳಿಗೆ ಸ್ವಲ್ಪ ಸಿಟ್ಟೂ ಬಂತು.

"ಗುರುಗಳೇ, ನೇಕಾರಳಿಗೆ ಗಂಡನ ದುಃಖ ತಿಳಿದಿರಲಿಲ್ಲ, ಸರಿ. ನಾನು ಕೇಳಿದ್ದು ನನ್ನ ಮಾತು. ಈ ಚಳಿಗಾಲ ನಾನು ಇಲ್ಲಿ ಇರಲೋ, ಹೋಗಲೋ?"

ಗುರುಗಳು ಗೇಟಿನ ಕಡೆ ನೋಡಿದರು.

"ನಿನ್ನ ತಂಗಿಗೂ ತಾಯಿ ಇಲ್ಲ, ಮಗಳೇ," ಎಂದರು.

ಓರ್ಲಾ ಎದ್ದು ಗೇಟಿನ ಕಡೆ ನಡೆದಳು.