ಬಾಲವಿಲ್ಲದ ಕುದುರೆ ಊರೊಳಗೆ ಬಂದದ್ದು

ಕುದುರಿ ಇನ್ನೂ ಊರ ಬಾಗಿಲದಾಗ ನಿಂತೈತ್ರಿ, ಒಳಗ ಕರಕೊಂಬರ್ರಿ.

ನನ್ನ ಹೆಂಡತಿ ಹುಲಿಗೆವ್ವ ಸಾಯುವಾಗ ಕೊನೆಗೆ ಆಡಿದ ಮಾತು ಇದು. ಮಂಚದ ಸುತ್ತ ನಿಂತವರು ಜ್ವರ ತಲೆಗೇರಿದೆ, ಏನೋ ಬಡಬಡಿಸುತ್ತಾಳೆ ಅಂದರು. ನನಗೆ ಗೊತ್ತಿತ್ತು. ಅದು ಕತೆಯ ಕುದುರೆ. ಹಿಂದೆ ಮಗನಿಗೆ ಹೇಳುತ್ತಿದ್ದಳು, ಈಗ ಮೊಮ್ಮಗಳು ದುರಗಿಗೆ. ಮಗ ಕುದುರೆ ಬಾಗಿಲಿಗೆ ಬರುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದ. ದುರಗಿಯೂ ಹಾಗೇ. ಟಾಂಗಾ ಓಡಿಸಿ ದಣಿದು ಬಂದ ನಾನಂತೂ ಎಷ್ಟು ಎಚ್ಚರವಿದ್ದರೂ ಬಾಗಿಲ ತನಕವೇ. ಮುಂದಿನದನ್ನು ಆ ಮನೆಯಲ್ಲಿ ಯಾರೂ ಕೇಳಿದವರಿಲ್ಲ.

ತಿಥಿ ಮುಗಿಸಿ ಮಗ ಸೊಸೆ ಕಬ್ಬು ಕಡಿಯಲು ಮತ್ತೆ ಹೋದರು. ದುರಗಿ ನನ್ನ ಹತ್ತಿರ ಉಳಿದಳು. ಮಲಗಿಸಿದರೆ ಕಣ್ಣು ಮುಚ್ಚುತ್ತಿರಲಿಲ್ಲ. ಸಾಲಿಗೆ ಹೋಗು ಅಂದರೆ ಗೋಡೆ ಕಡೆ ತಿರುಗುತ್ತಿದ್ದಳು. ಒಂದು ದಿನ ಹಾಸಿಗೆ ಹಾಸಿದಾಗ ಕೇಳಿದಳು. ಯಜ್ಜಾ, ಕುದುರಿ ಒಳಗ ಬಂತೇನು. ಇನ್ನೂ ಇಲ್ಲ ಅಂದೆ. ಹಂಗಾರ ನೀನ ಹೇಳು ಅಂದಳು. ನನಗ ಬರಂಗಿಲ್ಲವ್ವ ಅಂದೆ. ಆದರೂ ನಾನು ಗೋಡೆಗೆ ಒರಗಿ, ಹುಲಿಗೆವ್ವನ ಹಾಗೆ ಕಾಲು ಚಾಚಿದೆ. ಶುರು ಮಾಡಿದೆ.

ಒಂದಾನೊಂದು ಕಾಲದಲ್ಲಿ, ಅಂದರೆ ನಮ್ಮ ಹೊಳೆ ಇನ್ನೂ ಲಂಗ ಹಾಕೋ ಹುಡುಗಿ ಇದ್ದಾಗ, ಅದರ ಈಚೆ ದಡದಲ್ಲಿ ಒಂದು ಕಲ್ಲಿನ ಊರು ಇತ್ತಂತೆ. ಊರಿಗೊಬ್ಬ ರಾಜ ಇದ್ದನಂತೆ. ಅವನ ಪೇಟೆಯಲ್ಲಿ ಇಲ್ಲದ ಸಾಮಾನೇ ಇರಲಿಲ್ಲವಂತೆ. ಚೀನದ ರೇಷ್ಮೆ, ಅರಬರ ಖರ್ಜೂರ, ಸಿಂಹಳದ ದಾಲ್ಚಿನ್ನಿ. ಮೆಣಸಿನ ಓಣಿಗೆ ಹೋದರೆ ಸೀನು ಬರೋದು, ಅತ್ತರಿನ ಓಣಿಗೆ ಬಂದರೆ ಸೀನು ನಿಲ್ಲೋದು.

ಹುಲಿಗೆವ್ವ ಇಲ್ಲಿ ನಿಜವಾಗಿ ಸೀನಿ ತೋರಿಸುತ್ತಿದ್ದಳು. ನಾನೂ ಸೀನಿದೆ. ಅಜ್ಜಿ ಇನ್ನೂ ಜೋರ ಸೀನ್ತಿದ್ಲು ಅಂದಳು ದುರಗಿ. ಜೋರಾಗಿ ಸೀನಿದೆ.

ಎಲ್ಲಾ ಇತ್ತು, ಕುದುರೆ ಒಂದು ಇರಲಿಲ್ಲವಂತೆ. ಆ ಸೀಮೆಯ ಹುಲ್ಲಿಗೆ ಎತ್ತು ಹುಟ್ಟುತ್ತವೆ, ಎಮ್ಮೆ ಹುಟ್ಟುತ್ತವೆ, ಒಳ್ಳೆ ಕುದುರೆ ಹುಟ್ಟೋದಿಲ್ಲ. ಹೊಳೆಯ ಆಚೆ ದಡದಲ್ಲಿ ಇನ್ನೊಬ್ಬ ರಾಜ, ಅವನಿಗೂ ಕುದುರೆ ಬೇಕು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಯಾರ ಹತ್ತಿರ ಕುದುರೆ ಹೆಚ್ಚೋ ಅವರು ದಾಟಿ ಬಂದು ಇನ್ನೊಬ್ಬರ ಊರು ಸುಡ್ತಿದ್ದರಂತೆ. ಕುದುರೆ ಬರೋದು ಅರಬರ ಹಡಗಿನಲ್ಲಿ. ಪಾಪ, ನಿಂತೂ ನಿಂತೂ ಕಾಲು ಬಾತು, ಉಪ್ಪುಗಾಳಿ ಕುಡಿದು, ಎಷ್ಟೋ ದಾರಿಯಲ್ಲೇ ಸಾಯ್ತಿದ್ದವಂತೆ. ನಮಗೆ ನಷ್ಟ, ನಿಮ್ಮ ರೇವಿಗೆ ಇನ್ನು ಬರೋದಿಲ್ಲ ಅಂದರಂತೆ ಅರಬರು.

ಆಮೇಲೆ ರಾಜ ಒಂದು ಕಟ್ಟಳೆ ಮಾಡಿದನಂತೆ. ಬದುಕಿ ಬಂದ ಕುದುರೆಗೂ ಬೆಲೆ, ದಾರಿಯಲ್ಲಿ ಸತ್ತದ್ದಕ್ಕೂ ಬೆಲೆ. ಸತ್ತದ್ದಕ್ಕೆ ಗುರುತು ಬೇಕಲ್ಲ, ಬಾಲ ಕೊಯ್ದು ತಂದು ತೋರಿಸಿದರೆ ಸಾಕು. ಅಷ್ಟಕ್ಕೇ ನಿಲ್ಲಲಿಲ್ಲ ರಾಜ. ನನ್ನ ಕೆಲಸಕ್ಕೆ ಬರ್ತಾ ಸತ್ತದ್ದು, ಅದು ನನ್ನ ಸಿಪಾಯಿ ಅಂತ, ಬಾಲ ಬಂದಾಗೆಲ್ಲ ತಾನೇ ಹೊಳೆಗಿಳಿದು, ಆ ಕುದುರೆಯ ಹೆಸರು ಹೇಳಿ ಎಳ್ಳುನೀರು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಅಳ್ತಾ ಮನೆಗೆ ಹೋಗ್ತಿದ್ದನಂತೆ. ಬಾಲವನ್ನು ಬಾಲದಮನೆ ಅನ್ನೋ ಕಲ್ಲುಮನೆಯಲ್ಲಿ ತೂಗುಹಾಕ್ತಿದ್ದರಂತೆ. ಒಳ್ಳೆ ರಾಜ. ಯಾರು ಏನು ಹೇಳಿದರೂ ನಂಬಿಬಿಡೋನು.

ಆ ರಾಜನ ಲಾಯದಲ್ಲಿ ಬೊಮ್ಮ ಅಂತ ಒಬ್ಬ ಕೆಲಸಕ್ಕಿದ್ದನಂತೆ. ಅವನ ಹೆಂಡತಿ ಸಿಂಗಿ. ಬೊಮ್ಮ ಮಾತು ಕಡಿಮೆ, ಅವನ ಪಾಲಿನದನ್ನೂ ಸಿಂಗಿಯೇ ಆಡ್ತಿದ್ದಳಂತೆ.

ನಿಮ್ಮಿಬ್ಬರಂಗ ಅಂದಳು ದುರಗಿ. ಹೂಂ ಅಂದೆ.

ಒಂದು ಸಲ ಬೊಮ್ಮ ರೇವಿಗೆ ಹೋಗಿದ್ದನಂತೆ. ಹಡಗಿನಿಂದ ಒಂದು ಕೆಂಪು ಕುದುರೆ ಇಳಿಯಿತಂತೆ, ಒಂದು ಕಿವಿ ಹರಿದಿತ್ತು. ಬೊಮ್ಮ ಬೆಲ್ಲ ಕೊಟ್ಟ, ಅದು ಅವನ ಅಂಗೈ ನೆಕ್ಕಿತು, ಅವನು ಅದಕ್ಕೆ ಕೆಂಚ ಅಂತ ಹೆಸರಿಟ್ಟ. ಆಮೇಲೆ ಲಾಯ ಗುಡಿಸೋಕೆ ಅಂತ ಮುಂಚೆ ಊರಿಗೆ ಬಂದನಂತೆ. ಹಿಂದಿನಿಂದ ಕುದುರೆ ಹೊಡಕೊಂಡು ಬರೋ ಗುತ್ತಿಗೆ ಒಬ್ಬ ದಲ್ಲಾಳಿಯದು. ದಲ್ಲಾಳಿ ಬಂದ, ಕೆಂಚ ಬರಲಿಲ್ಲ. ಘಟ್ಟದಾಗ ಸತ್ತ ಅಂತ ಬಾಲ ಕೊಟ್ಟನಂತೆ. ರಾಜ ಹೊಳೆಗಿಳಿದು ಕೆಂಚಾ ಅಂತ ನೀರು ಬಿಟ್ಟ. ಬೊಮ್ಮ ಊಟ ಬಿಟ್ಟ.

ಆಮೇಲೆ ಮಳೆ ಮುಗಿದು ಹೊಳೆ ಇಳೀತಂತೆ. ಒಂದು ಮಧ್ಯಾಹ್ನ ಸಿಂಗಿ ಬಟ್ಟೆ ಒಗೀತಿದ್ದಾಗ ಆಚೆ ದಡದಿಂದ ಒಂದು ಕುದುರೆ ಈಜಿಕೊಂಡು ಬಂತಂತೆ. ಕೆಂಪು ಕುದುರೆ. ಹರಿದ ಕಿವಿ. ಹಿಂದೆ ನೋಡಿದರೆ ಬಾಲವೇ ಇಲ್ಲ, ನೊಣ ಕಚ್ಚಿ ಕಚ್ಚಿ ತೊಡೆಯೆಲ್ಲ ಗಾಯ. ಸಿಂಗಿ ಗಂಡನನ್ನು ಕೂಗಿದಳು, ಬೊಮ್ಮ ಓಡಿ ಬಂದ, ಕುದುರೆ ಅವನ ಅಂಗೈ ನೆಕ್ಕಿತು. ಇಬ್ಬರೂ ಅದನ್ನು ಕರಕೊಂಡು ಊರ ಬಾಗಿಲಿಗೆ ಬಂದರಂತೆ.

ಇಲ್ಲಿಗೆ ಹುಲಿಗೆವ್ವನ ಕತೆಯಲ್ಲಿ ನನಗೆ ಗೊತ್ತಿದ್ದದ್ದು ಮುಗಿಯಿತು.  ದುರಗಿ ಎದ್ದು ಕೂತಳು. ಮುಂದ ಅಂದಳು. ಎಲೆಯಡಿಕೆ ಹಾಕಿಕೊಂಡೆ. ಮೆಲ್ಲಗೆ ಅಗಿದೆ. ನಾನೂ ಕುದುರೆ ಸಾಕಿದವನು, ನೋಡೋಣ ಅಂತ ಮುಂದೆ ಹೋದೆ.

ಬಾಗಿಲು ಕಾಯೋನು ಈಟಿ ಅಡ್ಡ ಇಟ್ಟನಂತೆ. ಎಲ್ಲಿಗೆ ಹೊಂಟೀರಿ ಅಂದ. ಲಾಯಕ್ಕ, ಇವ ಕೆಂಚ ಅಂದಳು ಸಿಂಗಿ. ಕೆಂಚ ಸತ್ತಾನ, ದೊರಿಗಳು ನೀರು ಬಿಟ್ಟಾರ, ಸತ್ತೋರನ್ನ ಒಳಗ ಬಿಟ್ರ ನನ್ನ ನೌಕರಿ ಹೋಗತೈತಿ ಅಂದ. ಕಣ್ಣ ಮುಂದ ನಿಂತೈತಲ್ಲೋ ಯಣ್ಣಾ ಅಂದಳು. ನಿಂತಿದ್ರ ನಿಂತಿರಲಿ, ಕಟ್ಟಳೆ ಪ್ರಕಾರ ಸತ್ತೈತಿ ಅಂದ. ಅಷ್ಟರಲ್ಲಿ ಕುದುರೆ ಅವನ ಮುಂಡಾಸಿನ ತುದಿ ಕಚ್ಚಿ ಎಳೀತಂತೆ. ನೋಡ್ರಿ, ಸತ್ತದ್ದು ನನ್ನ ಮುಂಡಾಸ ತಿನ್ನಾಕ ಹತ್ತೈತಿ ಅಂತ ಅವನೇ ಕೂಗಿಕೊಂಡನಂತೆ.

ದುರಗಿ ನಕ್ಕಳು. ಅಜ್ಜಿ ಹೋದ ಮೇಲೆ ಮೊದಲ ಸಲ.

ಆಮೇಲೆ ರಾಜನ ತನಕ ಸುದ್ದಿ ಹೋಯಿತು, ರಾಜ ಬಂದ, ಪುರೋಹಿತ ಬಂದ, ದಲ್ಲಾಳಿಯೂ ಬಂದ. ಬದುಕಿದ್ದವರಿಗೆ ಎಳ್ಳುನೀರು ಬಿಟ್ಟರೆ ಮಹಾ ಅಪಶಕುನವಂತೆ. ಇದು ಕೆಂಚನೇ ಆದರೆ ರಾಜ ಮಾಡಿದ್ದು ತಪ್ಪು. ಅಲ್ಲದಿದ್ದರೆ ಬೊಮ್ಮ ಸುಳ್ಳುಗಾರ, ಆಚೆಯವರ ಕುದುರೆ ಕದ್ದ ಕಳ್ಳ. ದಲ್ಲಾಳಿ ಎರಡನೇದೇ ಸರಿ ಅಂದ. ರಾಜ ಬೊಮ್ಮನನ್ನು ಕಟ್ಟಿಹಾಕಿಸಿ, ಇದು ಕೆಂಚನೇ ಅಂತ ತೋರಿಸು, ಇಲ್ಲದಿದ್ದರೆ ಇವನನ್ನು ಆನೆ ಕಾಲಿಗೆ ಹಾಕಿಸ್ತೀನಿ ಅಂತ ಸಿಂಗಿಗೆ ಹೇಳಿದನಂತೆ. ಬೊಮ್ಮ ಹೆಂಡತಿ ಮುಖ ನೋಡಿದ ಅಷ್ಟೆ.

ಮೊದಲು ಪುರೋಹಿತ ಒಂದು ಮಾತು ಹೇಳಿದನಂತೆ. ಇದು ದೆವ್ವ ಇದ್ದೀತು, ದೆವ್ವಕ್ಕೆ ಉಪ್ಪು ಆಗೋದಿಲ್ಲ. ಸಿಂಗಿ ಹುರಳಿ ಬೇಯಿಸಿ ಕೈತುಂಬ ಉಪ್ಪು ಹಾಕಿ ಇಟ್ಟಳು. ಕುದುರೆ ಪಾತ್ರೆ ನೆಕ್ಕಿ, ಪುರೋಹಿತನ ಕೈಯನ್ನೂ ನೆಕ್ಕಿತಂತೆ. ಜೀವದ ಕುದುರೆ ಹೌದು, ಆದರೆ ಕೆಂಚ ಅಂತ ಹೆಂಗ ನಂಬೋದು ಅಂದ ದಲ್ಲಾಳಿ.

ಎರಡನೇದು, ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೊಮ್ಮನನ್ನು ಅವರ ನಡುವೆ ನಿಲ್ಲಿಸಿದರಂತೆ. ಎಲ್ಲರೂ ಬಾ ಬಾ ಅಂತ ಕೂಗಿದರು. ಬೊಮ್ಮ ಬಾಯಿ ಬಿಡಲಿಲ್ಲ. ಕುದುರೆ ಸಾಲಿನುದ್ದಕ್ಕೂ ಮೂಸಿಕೊಂಡು ಬಂದು ಅವನ ಕಟ್ಟಿದ ಕೈಗಳ ಹತ್ತಿರ ನಿಂತಿತು. ದಲ್ಲಾಳಿ ನಕ್ಕನಂತೆ. ಲಾಯದ ವಾಸನಿ ಐತಿ ಅವನ ಮೈಯಾಗ, ಯಾವ ಕುದುರಿ ಆದ್ರೂ ಹೋಗತೈತಿ, ಇವನ ಹೆಂಡತಿ ಮೈಗೂ ಅದ ವಾಸನಿ ಅಂದ. ಹೌದ್ರಿ, ನಮ್ಮದು ಲಾಯದ ವಾಸನಿ, ನಿಮ್ಮದು ಯಾವ ವಾಸನಿ ಅಂತ ಕುದುರಿ ನಿಮ್ಮ ಹತ್ರ ಬರವಲ್ದು ಅಂದಳು ಸಿಂಗಿ.

ಮೂರನೇದು ರಾಜನೇ ಹೇಳಿದ. ಬಾಲದಮನೆಗೆ ಹೋಗಿ ಕೆಂಚನ ಬಾಲ ಯಾವುದು ತೋರಿಸು. ಸಿಂಗಿ ಒಳಗೆ ಹೋಗಿ ನೋಡಿದಳು. ಛತ್ತಿನಿಂದ ನೆಲದ ತನಕ ಬಾಲ, ಎಲ್ಲಾ ಧೂಳು ಹಿಡಿದು ಒಂದೇ ಬಣ್ಣ. ಎಷ್ಟು ಹುಡುಕಿದರೂ ಆಗೋದಲ್ಲ. ಹೊರಗೆ ಬಂದು ಅತ್ತಳಂತೆ. ಆನೆ ತಂದು ನಿಲ್ಲಿಸಿದ್ದರು. ಆಗ ಕೆಂಚ ಕಾಲು ಝಾಡಿಸಿತು, ಕುತ್ತಿಗೆ ಝಾಡಿಸಿತು. ಬಿಸಿಲೇರಿ ನೊಣ ಎದ್ದಿದ್ದವು.

ನೊಣದ ಕಾಟ ನಾನು ಬಲ್ಲೆ. ನಮ್ಮ ಟಾಂಗಾ ಕುದುರೆಗೆ ಕಜ್ಜಿಯಾಗಿ ಬಾಲದ ಕೂದಲು ಉದುರಿದಾಗ, ಹುಲಿಗೆವ್ವ ತನ್ನ ಹಳೇ ಸೀರೆ ಸೀಳಿ ಜಡೆ ಹೆಣೆದು ಅದಕ್ಕೆ ಕಟ್ಟಿದ್ದಳು. ಹಸಿರು ಬಾಲದ ಕುದುರೆ ಅಂತ ಸ್ಟೇಷನ್ನಿನಲ್ಲಿ ಎಲ್ಲರೂ ನಗುತ್ತಿದ್ದರು. ಜನ ನಗಲಿ, ಕುದುರಿ ಅಳಬಾರದು ಅಂತಿದ್ದಳು. ಇದನ್ನೂ ದುರಗಿಗೆ ಹೇಳಿದೆ. ಖರೇನಾ ಅಂದಳು. ಖರೇ ಅಂದೆ. ಸಿಂಗಿ ಏನ್ ಮಾಡಿದ್ಲು ಅಂದಳು.

ಸಿಂಗಿ ಕಣ್ಣೊರೆಸಿಕೊಂಡು ರಾಜನಿಗೆ ಹೇಳಿದಳಂತೆ. ಎಪ್ಪಾ, ಈ ಬಾಲ ಹುಡುಕಾಕ ನನ್ನಿಂದ ಆಗಂಗಿಲ್ಲ. ಆದ್ರ ಕೆಂಚ ಈಜಿ ಬಂದದ್ದು ಆಚೆ ದಡದಿಂದ, ಅಲ್ಲಿ ನೊಣ ಇನ್ನ ಯಾರನ್ನ ಹಿಂಗ ಕಾಡ್ತಾವು ನೋಡೂಣು ಬರ್ರಿ. ರಾಜ ಹೊಳೆ ದಡಕ್ಕೆ ಬಂದ. ಮಧ್ಯಾಹ್ನದ ಹೊತ್ತು, ಆಚೆ ರಾಜನ ಕುದುರೆಗಳನ್ನು ನೀರಿಗೆ ಬಿಟ್ಟಿದ್ದರು. ದಡದ ಉದ್ದಕ್ಕೂ ಕುದುರೆ. ಒಂದಕ್ಕೂ ಬಾಲ ಇಲ್ಲ. ಒದೀತವೆ, ಹೊರಳ್ತವೆ, ಒಂದಕ್ಕೊಂದು ಕಚ್ಚುತ್ತವೆ. ದಲ್ಲಾಳಿ ಬಾಲ ಇಲ್ಲಿ ಮಾರಿದ್ದ, ಕುದುರೆ ಅಲ್ಲಿ ಮಾರಿದ್ದ.

ರಾಜ ಎಷ್ಟೋ ಹೊತ್ತು ನೋಡಿದನಂತೆ. ಆಮೇಲೆ ಮೆಲ್ಲಗೆ, ನಾನು ಇವಕ್ಕೆಲ್ಲ ಅತ್ತಿದ್ದೆ ಅಂದನಂತೆ. ಅತ್ತಿದ್ದು ಹೊಳಿಗೆ ಹೋತ್ರಿ ಎಪ್ಪಾ, ಕುದುರಿ ಅದಾವಲ್ಲ ಅಂದಳು ಸಿಂಗಿ. ರಾಜ ತಾನೇ ಹೋಗಿ ಬೊಮ್ಮನ ಕಟ್ಟು ಬಿಚ್ಚಿದ.

ಆದರೂ ಬಾಗಿಲು ಕಾಯೋನು ಈಟಿ ತೆಗೀಲಿಲ್ಲ. ಪುರೋಹಿತನೂ ಅವನ ಕಡೆಗೇ. ನೀರು ಬಿಟ್ಟ ಮೇಲೆ ಬದುಕಿ ಬಂದವರು ಮತ್ತೆ ಹುಟ್ಟದೆ ಮನೆಯೊಳಗೆ ಬರೋ ಹಾಗಿಲ್ಲ, ಶಾಸ್ತ್ರ ಅಂದ. ಹಂಗಾರ ಹುಟ್ಟಸ್ರಿ ಅಂದಳು ಸಿಂಗಿ.

ಆಮೇಲೆ ಊರ ಬಾಗಿಲಿಗೇ ಆನೆ ಸರಪಳಿ ಹಾಕಿ ಮರದ ಹಲಗೆಯ ತೊಟ್ಟಿಲು ಕಟ್ಟಿದರಂತೆ. ಕೆಂಚನಿಗೆ ಎಣ್ಣೆ ಅರಿಶಿನ ಹಚ್ಚಿ, ನೀರೆರೆದು, ಕುಲಾವಿ ಕಟ್ಟಿದರಂತೆ. ಹರಿದ ಕಿವಿ ಹೊರಗೇ ಉಳೀತು. ನಾಲ್ಕು ಕಾಲು ಮಡಚಿ ತೊಟ್ಟಿಲಲ್ಲಿ ಕೂರಿಸಿ ಹೆಂಗಸರೆಲ್ಲ ಜೋಗುಳ ಹಾಡಿದರು, ರಾಜ ಕಿವಿಯಲ್ಲಿ ಕೆಂಚ ಅಂತ ಹೆಸರು ಕೂಗಿದ. ಬಾಗಿಲು ಕಾಯೋನು ಈಟಿ ತೆಗೆದು, ಕೂಸು ಭಾಳ ದಪ್ಪ ಐತಿ, ದೃಷ್ಟಿ ತೆಗೀರಿ ಅಂದನಂತೆ. ಕೆಂಚ ಒಳಗೆ ಬಂತು.

ಆಮೇಲೆ ದಡದಲ್ಲಿ ಬೇವಿನ ಹೊಗೆ ಹಾಕಿದರಂತೆ. ನೊಣ ಇಲ್ಲದ ಕಡೆ ಅಂತ ಆಚೆಯ ಕುದುರೆಗಳೆಲ್ಲ ಈಜಿ ಬಂದವು. ಆಚೆ ರಾಜನಿಗೆ ಜೀನು ಮಾತ್ರ ಉಳಿದವು, ಆ ಬೇಸಿಗೆಗೆ ಯಾರೂ ಯಾರ ಊರನ್ನೂ ಸುಡಲಿಲ್ಲ. ಬಂದ ಒಂದೊಂದನ್ನೂ ತೊಟ್ಟಿಲಿಗೆ ಹಾಕಬೇಕಲ್ಲ, ಹಾಡಿ ಹಾಡಿ ಹೆಂಗಸರ ಗಂಟಲು ಕಟ್ಟಿತಂತೆ. ದಲ್ಲಾಳಿಗೆ ರಾಜ ಬಾಲದಮನೆಯ ಬಾಲಗಳನ್ನೇ ಕೊಟ್ಟು, ಜೀವ ಇರೋ ತನಕ ಕುದುರೆಗಳಿಗೆ ನೊಣ ಹೊಡಿ ಅಂದನಂತೆ. ಬಾಲಕ್ಕೆ ಬೆಲೆ ಅನ್ನೋ ಕಟ್ಟಳೆ ಹೋಯಿತು. ಬೊಮ್ಮ, ಸಿಂಗಿ ಲಾಯದ ಪಕ್ಕದಲ್ಲೇ ಮನೆ ಮಾಡಿಕೊಂಡು, ಅವಳು ಮಾತಾಡ್ತಾ, ಅವನು ಕೇಳ್ತಾ, ಬಹಳ ವರ್ಷ ಇದ್ದರಂತೆ.

ಕುದುರೆ ಒಳಗೆ ಬಂತು, ಕತೆ ಹೊರಗೆ ಹೋಯಿತು ಅಂದೆ.

ದುರಗಿ ಮಲಗಿದ್ದಳು, ಕಣ್ಣು ತೆರೆದೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. ಯಜ್ಜಾ, ಅಜ್ಜಿಗೂ ನೀರು ಬಿಟ್ಟೀವಲ್ಲ. ಅಜ್ಜಿ ಬಂದ್ರ.

ಬಂದ್ರ ತೊಟ್ಲ ಕಟ್ಟೂಣು ಅಂದೆ.

ಹೆಸರು.

ಹುಲಿಗೆವ್ವ ಅಂತನ ಇಡೂಣು.

 ಆಮೇಲೆ, ಬರಂಗಿಲ್ಲಲ್ಲ ಯಜ್ಜಾ ಅಂದಳು.

ಇಲ್ಲವ್ವ. ಬರಂಗಿಲ್ಲ ಅಂದೆ.

ನನ್ನ ಧೋತರದ ತುದಿ ಹಿಡಿದುಕೊಂಡಳು. ಅತ್ತಳು. ಆಮೇಲೆ ನಿದ್ದೆ ಹೋದಳು. ನಾನೂ.

ಬೆಳಗ್ಗೆ ಎದ್ದು ಒಲೆ ಹಚ್ಚಿದೆ. ದುರಗಿಯನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹಾಕಿದೆ. ಒಂದು ಮೇಲೆ ಹೋಯಿತು, ಒಂದು ಕೆಳಗೆ. ಕನ್ನಡಿ ನೋಡಿ, ಅಜ್ಜಿ ಹಿಂಗ ಹಾಕ್ತಿರಲಿಲ್ಲ ಅಂದಳು. ಹೂಂ ಅಂದೆ. ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಅವಳ ಕೈ ಹಿಡಿದು ಸಾಲಿಗೆ ಬಿಟ್ಟು ಬಂದೆ.